ಸಮ ಮಾಡಿ ತಂದ ಕಂಪ್ಯೂಟರ್

ಸಾಲಿನಲ್ಲಿ ಒಂದು ತಲೆ ಎತ್ತರಕ್ಕೆ ಕಂಡರೂ ಡ್ರಿಲ್ ಮೇಷ್ಟ್ರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಶಾಲೆಯ ಮೈದಾನದಲ್ಲಿ 'ಸಮ! ಸಮ!' ಎಂದು ಕೂಗಿ ಕೂಗಿ ಆ ಮಾತು ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ಆವತ್ತಿನ ಫಜೀತಿಗೂ ಅದೇ ಮೂಲ.

"ಸಂಜೆ ಮುದ್ರಣಾಲಯದ ಯಜಮಾನ್ರು ಬರ್ತಾರೆ. ಮನೇಲಿ ಕಂಪ್ಯೂಟರ್ ಇದ್ರೆ ಟೈಪಿಂಗ್ ಕೆಲಸ ನಂಗೆ, ಇಲ್ಲಾಂದ್ರೆ ಬೇರೆಯವ್ರಿಗೆ," ಎಂದಳು ಹೆಂಡತಿ. ಅವಳು ಬಹಳ ಕಾಲದಿಂದ ಆಸೆಪಟ್ಟು ಕಾದಿದ್ದ ಕೆಲಸ ಅದು. "ಯಾವ್ದಾದ್ರೂ ಒಂದು ತನ್ನಿ."

"ಯಾವ್ದಾದ್ರೂ ಅಂದ್ರೆ? ಪೇಟೇಲಿರೋ ಎರಡು ಕಂಪನೀದೂ ಹೋಲಿಸಿ ನೋಡ್ದೆ ನಾನು ಬಿಡೋನಲ್ಲ!"

ಮೇಷ್ಟ್ರು ಪಣ ತೊಟ್ಟವರಂತೆ ಹೊರಟರು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಕರೆಯದಿದ್ದರೂ ಚಪ್ಪಲಿ ಮೆಟ್ಟಿಕೊಂಡು ಜೊತೆಗೂಡಿದರು.

ರಸ್ತೆಯ ಎಡಕ್ಕೆ ಒಂದು ಕಂಪನಿಯ ಅಂಗಡಿ, ಬಲಕ್ಕೆ ಅದರ ಎದುರಾಳಿಯದು. ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಲ್ಲ ಒಂದೇ. ಆದರೆ ಎಡದಂಗಡಿಯ ಮಾನಿಟರ್ ಸ್ವಲ್ಪ ದೊಡ್ಡದು, ಬೆಲೆಯೂ ಜಾಸ್ತಿ.

"ಸಮ ಇಲ್ಲ! ಮಾನಿಟರ್ ತೆಗೆದು ಬೆಲೆ ಹೇಳಿ," ಎಂದರು ಮೇಷ್ಟ್ರು.

"ಆ ಕಡೇದೂ ತೆಗೆಸಿ. ನ್ಯಾಯ ಅಂದ್ಮೇಲೆ ನ್ಯಾಯ," ಎಂದರು ಪೋಸ್ಟ್‌ಮಾಸ್ಟರ್.

ಎರಡೂ ಕಡೆ ತೆಗೆಸಿದ್ದಾಯಿತು. ಬಲದಂಗಡಿಯ ಕೀಬೋರ್ಡಿನಲ್ಲಿ ದೀಪ ಉರಿಯುತ್ತಿತ್ತು, ಎಡದಂಗಡಿಯದರಲ್ಲಿ ಇಲ್ಲ. ಎರಡೂ ಹೋದವು. ಒಂದು ಮೌಸಿಗೆ ಬಾಲ, ಇನ್ನೊಂದು ಬೋಳು. ಅವೂ ಹೋದವು. ಮೇಷ್ಟ್ರು ನೇಯ್ಗೆಯ ಲಾಳಿಯಂತೆ ರಸ್ತೆ ದಾಟುತ್ತಲೇ ಇದ್ದರು. ಪ್ರತಿ ಸಲವೂ ಅಂಗಡಿಯವರು ಎದುರಿನವನ ಮೇಲಿನ ಹಟಕ್ಕೆ ಬೆಲೆ ಇನ್ನಷ್ಟು ಇಳಿಸಿದರು.

ಕೊನೆಗೆ ಎರಡು ಕಡೆಯೂ ಒಂದೊಂದು ಕರಿ ಪೆಟ್ಟಿಗೆ ಉಳಿಯಿತು. "ಈಗ ಸಮ!" ಎಂದು ಮೇಷ್ಟ್ರು ಅಂಗಡಿಯೊಳಗೇ ಸೀಟಿ ಊದಿದರು. ಎಡದಂಗಡಿಯದು ಒಂದು ಕೂದಲೆಳೆ ಅಗ್ಗ. ಅದನ್ನೇ ಕೊಂಡು, ಹೆಗಲ ಮೇಲೆ ಹೊತ್ತು, ಗೆದ್ದ ಪೈಲ್ವಾನನ ಹಾಗೆ ಮನೆಯ ಕಡೆ ನಡೆದರು.

"ನೀವು ನಡೀರಿ, ಬಂದೆ," ಎಂದು ಪೋಸ್ಟ್‌ಮಾಸ್ಟರ್ ಹಿಂದೆ ಉಳಿದರು.

ಭಾರ ಹೊತ್ತ ಮೇಷ್ಟ್ರು ಅಲ್ಲಲ್ಲಿ ಕೂತು ಎದ್ದು ಮನೆ ಮುಟ್ಟುವಷ್ಟರಲ್ಲಿ ಮುದ್ರಣಾಲಯದ ಯಜಮಾನರು ಬಂದು ಕೂತಿದ್ದರು. ಹೆಂಡತಿ ಆಸೆಯಿಂದ ಕಟ್ಟು ಬಿಚ್ಚಿದಳು. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು.

"ರೀ, ಇದ್ರಲ್ಲಿ ಎಲ್ಲಿ ನೋಡ್ಲಿ? ಏನನ್ನ ಒತ್ಲಿ?"

ಮೇಷ್ಟ್ರು ಪೆಟ್ಟಿಗೆಯನ್ನು ತಿರುಗಿಸಿ ಅದರ ಬೆನ್ನು ನೋಡಿದರು. ಅಷ್ಟರಲ್ಲಿ ಪಕ್ಕದ ಮನೆಯಿಂದ ಟಕಟಕ ಟೈಪಿಂಗ್ ಸದ್ದು ಕೇಳಿಸಿತು. ಪೋಸ್ಟ್‌ಮಾಸ್ಟರ್ ತಮ್ಮ ಮನೆಯ ಕಿಟಕಿಯಲ್ಲಿ ಮುಖವರಳಿಸಿ ನಿಂತಿದ್ದರು.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಮೇಷ್ಟ್ರೇ! ನೀವು ಎಡಗಡೆ ಕೊಂಡ್ರಿ ನೋಡಿ, ಬಲದಂಗಡಿಯವ್ನಿಗೆ ರೋಷ ಬಂತು. ನಿಮಗೆ ಬರೀ ಪೆಟ್ಟಿಗೆಗೆ ಹೇಳಿದ ಬೆಲೆಗೇ ನಂಗೆ ಮಾನಿಟರ್, ಕೀಬೋರ್ಡ್, ಮೌಸ್ ಎಲ್ಲಾ ಸೇರ್ಸಿ ಕೊಟ್ಟು ಆಟೋನೂ ಹತ್ತಿಸ್ದ. ಸೊಸೆ ಆಗ್ಲೇ ಕೂತ್ಬಿಟ್ಲು!"

ಮುದ್ರಣಾಲಯದ ಯಜಮಾನರು ಕಾಗದದ ಕಟ್ಟು ಕಂಕುಳಿಗೆ ಸೇರಿಸಿಕೊಂಡು, ಸದ್ದು ಬಂದ ಮನೆಗೆ ಹೋದರು.

ಹೆಂಡತಿಯ ಕಣ್ಣು ತುಂಬಿತು. ಪೆಟ್ಟಿಗೆಯನ್ನು ಎತ್ತಿ ಹೊರಗಿನ ಮೆಟ್ಟಿಲ ಮೇಲಿಟ್ಟಳು. ಗಂಡನ ರಟ್ಟೆ ಹಿಡಿದು ಅದರ ಪಕ್ಕದಲ್ಲೇ ನೆಟ್ಟಗೆ ನಿಲ್ಲಿಸಿದಳು. ಎರಡನ್ನೂ ಒಮ್ಮೆ ಹೋಲಿಸಿ ನೋಡಿ, "ಸಮ!" ಎಂದು ಬಾಗಿಲು ಹಾಕಿಕೊಂಡಳು.