ಹಾದಿಗೆ ಬಂದು ಮಲಗಿದ ಹೊಸ್ತಿಲಿಗೆ

ಮಾಳಮಡ್ಡಿ, ಧಾರವಾಡ
ದೀಪಾವಳಿಯ ಮರುವಾರ, ೧೯೩೬

ನಮ್ಮ ಅಂಗಳದ ಹನ್ನೊಂದು ಕಲ್ಲುಗಳ ಹಾದಿಯಲ್ಲಿ ಆರನೆಯ ಸ್ಥಾನವನ್ನು ಅಲಂಕರಿಸಿರುವ, ಹಿಂದೆ ಯಾವುದೋ ವಾಡೆಯ ಹೆಬ್ಬಾಗಿಲಿಗೆ ಹೊಸ್ತಿಲಾಗಿ ಮೂರು ತಲೆಮಾರು ಸೇವೆ ಸಲ್ಲಿಸಿ ಈ ಹೊತ್ತಿಗೆ ನಿವೃತ್ತರಾಗಿರಬೇಕಿದ್ದ ಕಲ್ಲಿನವರ ಸನ್ನಿಧಿಗೆ ವೇಣೂಬಾಯಿಯ ಅನೇಕ ನಮಸ್ಕಾರಗಳು.

ಮಾನ್ಯರೇ,

ದಿನಕ್ಕೆ ನಾಲ್ಕು ಸಲ ತಮ್ಮನ್ನು ದಾಟಿ ಹೋಗುವವಳು ಇದನ್ನು ಬಾಯಿಬಿಟ್ಟೇ ಹೇಳಬಹುದಿತ್ತಲ್ಲ ಎಂದು ತಮಗೆ ಅನ್ನಿಸಬಹುದು. ಕಾಲೇಜಿನ ನಾಲ್ಕು ವರ್ಷಗಳಲ್ಲಿ ಹಾಜರಿ ಕೂಗಿದಾಗ ಬಿಟ್ಟರೆ ಬೇರೆ ಮಾತಾಡದೆ ಬಿ.ಎ. ಮುಗಿಸಿದ ನನಗೆ ಕಲ್ಲಿನ ಎದುರು ಕೂಡ ನಾಲಿಗೆ ಏಳುವುದಿಲ್ಲ. ಆದ್ದರಿಂದ ಈ ಪತ್ರ. ಮುಚ್ಚಿದ ಲಕೋಟೆಯನ್ನು ತಾವು ಒಡೆಯಲಾರಿರಿ ಎಂಬ ಒಂದೇ ಕಾರಣಕ್ಕೆ ಇದು ಬಹಿರಂಗ.

ತಮ್ಮ ಆಗಮನಕ್ಕೆ ಮೊದಲು ಇಲ್ಲಿ ಹುಲ್ಲುಹಾಸಿತ್ತು. ನನ್ನ ಕಾಕಾ ತ್ರ್ಯಂಬಕರಾಯರು ಪುಣೆಯಲ್ಲಿ ಯಾರೋ ಸಾಹೇಬರ ಬಂಗಲೆಯ ಮುಂದೆ ಅಂಥದನ್ನು ಕಂಡು, ಬೀಜ ತರಿಸಿ, ಬಾವಿಯ ಅರ್ಧ ನೀರು ಕುಡಿಸಿ ಬೆಳೆಸಿದ ಹುಲ್ಲು. ಅದನ್ನು ಎಮ್ಮೆ ತಿನ್ನಬಾರದು, ಮನುಷ್ಯರು ತುಳಿಯಬಾರದು. ಹಾಗಾದರೆ ಹುಲ್ಲಿರುವುದು ಯಾತಕ್ಕೆಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ‘ತುಳಿಯಬಾರದು’ ಎಂದು ಬರೆದ ಹಲಗೆಯೊಂದನ್ನು ನೆಟ್ಟಿದ್ದರು. ಓಣಿಯ ಹೆಂಗಸರಿಗೆ ಅಕ್ಷರ ಕಲಿಸುವೆನೆಂದು ನಾನು ಮನೆಯ ಮುಂದಿನ ಕೋಣೆಯನ್ನು ಬೇಡಿ ಪಡೆದಾಗ ಒಬ್ಬರೂ ಬರಲಿಲ್ಲ. ಓದಲು ಬಾರದವರೂ ಆ ಹಲಗೆಯನ್ನು ಗೇಟಿನ ಹೊರಗಿನಿಂದಲೇ ಓದಿಬಿಟ್ಟಿದ್ದರು.

ಈ ಬೇಸಿಗೆಯಲ್ಲಿ ಬಾವಿ ತಳ ಕಂಡಿತು, ಗೆದ್ದಲು ಹತ್ತಿತು, ಹುಲ್ಲು ತೀರಿಕೊಂಡಿತು. ನಾನು ಶೋಕದ ಮುಖ ಮಾಡಿಕೊಂಡು, ಅಲ್ಲಿ ಕಲ್ಲಿನ ಹಾದಿ ಮಾಡಿಸಿದರೆ ಹೇಗೆಂದು ಚೀಟಿ ಬರೆದು ಕಾಕಾನ ಪಂಚಾಂಗದೊಳಗೆ ಇಟ್ಟೆ. ಕಾಕಾ ಒಪ್ಪಿದರು, ಒಂದು ಕರಾರಿನ ಮೇಲೆ. “ಮಹಾನವಮಿಯೊಳಗ ಹತ್ತು ಮಂದಿ ಹೆಣ್ಮಕ್ಕಳು ಆ ಖೋಲ್ಯಾಗ ಕೂತದ್ದು ನಾ ನೋಡಬೇಕು, ವೇಣೂ. ಇಲ್ಲಾಂದ್ರ ನಿನ್ನ ಸಾಲಿ ಬಂದ್, ಹುಲ್ಲು ಮತ್ತ ಹಚ್ಚೂದು.”

ಗೌಂಡಿ ಖಾಜಾಸಾಬ ಕೆಡವಿದ ವಾಡೆಯೊಂದರಿಂದ ಚಕ್ಕಡಿಯಲ್ಲಿ ಕಲ್ಲು ತಂದ. ಸತ್ತ ಹುಲ್ಲನ್ನು ಬೇರುಸಹಿತ ಕಿತ್ತು, ಗೇಣು ಆಳ ಅಗೆದು, ಗರಸು ಬಡಿದು, ನನ್ನ ಹೆಜ್ಜೆಯ ಅಳತೆಗೆ ಒಂದೊಂದೇ ಕಲ್ಲು ಕೂರಿಸಿದ. ನನ್ನ ಹೆಜ್ಜೆ ಎಷ್ಟು ಸಣ್ಣದೆಂದು ನನಗೆ ತಿಳಿದದ್ದೇ ಆಗ. ಸಂದುಗಳಲ್ಲಿ ಒಂದೆಲಗ, ಅಂಚಿಗೆ ದೊಡ್ಡಪತ್ರೆ ನೆಟ್ಟೆವು. ಗೋಳಿಸೊಪ್ಪು ತಾನಾಗಿಯೇ ಬಂತು. ತಮ್ಮ ಸರದಿ ಬಂದಾಗ ಖಾಜಾಸಾಬ ಕೈ ತಡೆದ. “ಅಕ್ಕಾರ, ಇದು ಹೊಸ್ತಲಾ ಐತ್ರಿ. ನಡುವ ಸವದದ್ದು ನೋಡ್ರಿ, ಕದಾ ತಿರಗೂ ಕುಣಿ ನೋಡ್ರಿ. ಹಾದ್ಯಾಗ ಹಾಕಲೇನ್ರಿ?” ನಾನು ಬೇಡವೆಂದು ತಲೆಯಾಡಿಸಿದೆ. ನಾನು ತಲೆಯಾಡಿಸುವ ರೀತಿ ಎಷ್ಟು ನಾಜೂಕಾದುದೆಂದರೆ, ನೋಡುವವರು ತಮಗೆ ಬೇಕಾದಂತೆ ತಿಳಿದುಕೊಳ್ಳಬಹುದು. “ಆತ್ ಬಿಡ್ರಿ, ನೀವು ಕಲತಾವ್ರು,” ಎಂದು ಅವನು ತಮ್ಮನ್ನು ಮಲಗಿಸಿ ಮಟ್ಟ ಮಾಡಿದ.

ಅಂದಿನಿಂದ ಇಲ್ಲಿ ತಮ್ಮ ಆಡಳಿತ. ಮೊದಲನೆಯ ದಿನ, ಮಜ್ಜಿಗೆ ಮಾರುವ ಗುಡ್ಡವ್ವನನ್ನು ಮುಂದಿಟ್ಟುಕೊಂಡು ಎಂಟು ಜನ ಐದು ಕಲ್ಲುಗಳನ್ನು ಸರಾಗವಾಗಿ ತುಳಿದು ಬಂದರು. ಆರನೆಯದರ ಮುಂದೆ, ಬಾಗಿಲಿಲ್ಲದ, ಗೋಡೆಯಿಲ್ಲದ ಬಟ್ಟಬಯಲಿನಲ್ಲಿ ನಿಂತುಬಿಟ್ಟರು. ಹೊಸ್ತಿಲನ್ನು ತುಳಿಯಬಾರದು, ಕರೆಯದೆ ಇನ್ನೊಬ್ಬರ ಹೊಸ್ತಿಲನ್ನು ದಾಟಲೂ ಬಾರದು. ಬಾಗಿ ತಮ್ಮನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಕರೆಯಲೆಂದು ಕಾದರು. ನಾನು ಕಿಟಕಿಯ ಹಿಂದೆ ನಿಂತು, ಬರಲೆಂದು ಕಾದೆ.

“ಒಳಗ ಯಾರೂ ಇಲ್ಲೇನ?” ಎಂದಳು ಒಬ್ಬಳು.

“ಅದಾರ. ಕಿಡಕ್ಯಾಗ ಸೆರಗ ಕಾಣಾಕತ್ತೈತಿ.”

“ಮತ್ಯಾಕ ಕರೀವಲ್ರು?”

“ತಡಿಯವ್ವಾ,” ಎಂದಳು ಗುಡ್ಡವ್ವ, “ಹೆಂಗ ಕರೀಬೇಕಂತ ಪುಸ್ತಕದಾಗ ಹುಡುಕಾಕತ್ತಾರ.”

ಅರ್ಧ ಗಂಟೆ ನಿಂತು ಮನೆಗೆ ಹೋದರು. ಮರುದಿನವೂ ಅಷ್ಟೇ.

ತಮ್ಮ ವರ್ಚಸ್ಸನ್ನು ಹೊಗಳದೆ ಇರಲಾರೆ. ಕಾಕಾನ ಹುಲ್ಲಿಗೆ ಹಲಗೆಯಾದರೂ ಬೇಕಾಗಿತ್ತು. ತಮಗೆ ಅದೂ ಬೇಡ. ದೊಡ್ಡ ಕಚೇರಿಯ ಪಟ್ಟೇವಾಲನೂ ಇಷ್ಟು ಜನರನ್ನು ಇಷ್ಟು ಸದ್ದಿಲ್ಲದೆ ತಡೆದು ನಿಲ್ಲಿಸಲಾರ. ಎರಡನೆಯ ವಾರ ತಮಗೆ ರಂಗೋಲಿ ಬಂತು, ಆಮೇಲೆ ಅರಿಷಿಣ ಕುಂಕುಮ. ಜನ ಹನ್ನೆರಡಾದರು, ಗೇಟಿನ ಕಡೆಯ ಐದು ಕಲ್ಲುಗಳ ಮೇಲೆ ಕುಳಿತು, ಊರ ಸುದ್ದಿ ಮುಗಿಸಿ, ಸಾರಿಗೆ ದೊಡ್ಡಪತ್ರೆ ಚಿವುಟಿಕೊಂಡು ಹೋಗತೊಡಗಿದರು. ಜಗಲಿಯಿಂದ ಎಣಿಸುತ್ತಿದ್ದ ಕಾಕಾ, “ಹಾದ್ಯಾಗ ಕೂತವರು ಲೆಕ್ಕಕ್ಕಿಲ್ಲ,” ಎಂದರು.

ಆ ದಿನಗಳಲ್ಲಿ ನಾನು ಮನಸ್ಸಿನಲ್ಲೇ ತಮಗೆ ಹಾಕಿದ ಅರ್ಜಿಗಳು ಹಲವು. ದಯಮಾಡಿ ಮಗ್ಗುಲು ಬದಲಿಸಿ, ಸಾಮಾನ್ಯ ಚಪ್ಪಡಿಯಂತೆ ಬೋರಲಾಗಿ ಮಲಗಬೇಕೆಂದು ಬೇಡಿದೆ. ಪಾಠದ ದಿನಗಳಲ್ಲಿ ರಜೆ ತೆಗೆದುಕೊಂಡು ಪಕ್ಕದ ಮುಗದ ಹಳ್ಳಿಗೆ ಹೋಗಿ, ಯಾವುದಾದರೂ ಗದ್ದೆಯ ಬದುವಿನಲ್ಲಿ ಗಾಳಿ ಸೇವಿಸಬೇಕೆಂದು ಬೇಡಿದೆ. ಕೊನೆಗೆ, ಮೂರು ತಲೆಮಾರು ಬಾಗಿಲಲ್ಲಿದ್ದು ‘ಬರ್ರಿ’ ಎಂಬ ಮಾತನ್ನು ಲಕ್ಷ ಸಲ ಕೇಳಿರುವ ತಾವು, ನನ್ನ ಬದಲು ಒಂದೇ ಒಂದು ಸಲ ಅದನ್ನು ಅನ್ನಬಾರದೇ ಎಂದು ಅಂಗಲಾಚಿದೆ. ಉತ್ತರ ಬರಲಿಲ್ಲ, ಸರಕಾರಿ ಪದ್ಧತಿ ತಮಗೆ ಚೆನ್ನಾಗಿ ರೂಢಿಯಾಗಿದೆ. ತಮ್ಮನ್ನು ಕೀಳಿಸೋಣವೆಂದರೆ ಖಾಜಾಸಾಬನನ್ನು ಕರೆಯಬೇಕು, ಕರೆಯುವುದೇ ನನ್ನ ಕಷ್ಟ.

ಮಹಾನವಮಿಯ ಹಿಂದಿನ ಮಧ್ಯಾಹ್ನ ಕಾಕಾ ಕಿಸೆಯ ಗಡಿಯಾರ ತೆಗೆದು ಜಗಲಿಯ ಮೇಲೆ ಕುಳಿತರು. ಹನ್ನೆರಡು ಜನ ತಮ್ಮ ಮುಂದೆ ನಿಂತರು. ನಾನು ಕೋಣೆಯಿಂದ ಹೊರಬಿದ್ದೆ. ಏಳನೆಯ ಕಲ್ಲಿನವರೆಗೆ ಬಂದದ್ದು ನೆನಪಿದೆ. ಈಗ ಅವರಿಗೂ ನನಗೂ ನಡುವೆ ತಾವೊಬ್ಬರೇ. ಬಾಯಿ ತೆರೆದೆ, ಮುಚ್ಚಿದೆ. ಗುಡ್ಡವ್ವ ಸಹಾಯಕ್ಕೆ ಬರಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತ ನಿಂತಳು. “ಒಳಗ ಬರ್ರಿ,” ಎಂದೆ. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಅಂದೆ, ಈ ಸಲ ಕಾಕಾನ ಕೈಯಿಂದ ನಶ್ಯದ ಡಬ್ಬಿ ಬಿತ್ತು.

“ಇಷ್ಟ ಅನ್ನಾಕ ಮೂರ ವಾರ ಬೇಕಾತೇನ್ರಿ, ಅಕ್ಕಾರ?” ಎಂದು ಗುಡ್ಡವ್ವ ನಿರಿಗೆ ಎತ್ತಿ ತಮ್ಮನ್ನು ದಾಟಿದಳು. ಅವಳ ಹಿಂದೆ ಹನ್ನೊಂದು ಜನ.

ಸಾಲಿ ಉಳಿಯಿತು, ಮಾನ್ಯರೇ, ಆದರೆ ನನ್ನ ದೂರೂ ಉಳಿಯಿತು. ಒಮ್ಮೆ ಕರೆದರೆ ಸಾಕೆಂದು ತಿಳಿದಿದ್ದೆ. “ನಿನ್ನಿ ಕರದದ್ದು ನಿನ್ನಿಗಿ ಮುಗೀತ್ರಿ,” ಎನ್ನುತ್ತಾಳೆ ಗುಡ್ಡವ್ವ. ದಿನವೂ ತಮ್ಮ ಆಚೆ ನಿಂತವರನ್ನು ಒಬ್ಬೊಬ್ಬರ ಹೆಸರು ಹಿಡಿದು ಕೂಗಬೇಕು. ನನ್ನ ದನಿ ಈಗ ಸ್ಟೇಶನ್ನಿನವರೆಗೆ ಕೇಳುತ್ತದಂತೆ. ಇಪ್ಪತ್ತೆರಡು ವರ್ಷ ಜೋಪಾನ ಮಾಡಿಕೊಂಡು ಬಂದ ಮೌನ ತಮ್ಮ ದೆಸೆಯಿಂದ ಹಾಳಾಯಿತು. ಅದನ್ನು ಮೊದಲಿದ್ದಂತೆಯೇ ತುಂಬಿಕೊಡಬೇಕು, ಆಗದಿದ್ದರೆ ಹನ್ನೆರಡರಲ್ಲಿ ಆರು ಹೆಸರುಗಳನ್ನಾದರೂ ತಾವು ಕೂಗಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ತಮ್ಮನ್ನು ಇದುವರೆಗೆ ಒಮ್ಮೆಯೂ ತುಳಿಯದ,
ತಮ್ಮ ವಿಶ್ವಾಸಿ,
ವೇಣೂಬಾಯಿ, ಬಿ.ಎ.

ತಾ.ಕ.: ನಿನ್ನೆ ಕಾಕಾ ಪೇಟೆಯಿಂದ ಬೇಗ ಮರಳಿದರು. ಮನೆಯೊಳಗೆ ಹೋಗಬೇಕಾದರೆ ಮುಂದಿನ ಕೋಣೆಯನ್ನು ಹಾಯ್ದೇ ಹೋಗಬೇಕು, ಅಲ್ಲಿ ಹನ್ನೆರಡು ಹೆಂಗಸರು ತಲೆ ಬಗ್ಗಿಸಿ ಬರೆಯುತ್ತಿದ್ದರು. ಕಾಕಾ ಐದು ಕಲ್ಲು ಬಂದು, ಕೊಡೆ ಮಡಿಚಿ, ತಾವೇ ಕಟ್ಟಿಸಿದ ಮನೆಯ ಅಂಗಳದಲ್ಲಿ ಕರೆ ಬರಲೆಂದು ಕಾದು ನಿಂತರು. ನಾನು ಕೂಗಲೆಂದು ಎದ್ದೆ. “ಕುಂದರ್ರಿ ಅಕ್ಕಾರ, ನಿಂದರ್ಲಿ ಬಿಡ್ರಿ ಒಂದೀಟ,” ಎಂದಳು ಗುಡ್ಡವ್ವ, ಪಾಟಿಯಿಂದ ಕಣ್ಣೆತ್ತದೆ. ಕುಳಿತೆ.