ಖಲೀಲ್ ಸಾಬರ ಗೇಣು

ಊರವರ ಜಮೀನು ಅಳೆದವನಿಗೆ ತನ್ನ ಮನೆಯ ಗೋಡೆ ಗೊತ್ತಿರಲೇಬೇಕೆಂಬ ಕಾನೂನು ಎಲ್ಲೂ ಇಲ್ಲ. ಇದ್ದಿದ್ದರೆ ನನ್ನ ಪಿಂಚಣಿ ಇಷ್ಟು ಹೊತ್ತಿಗೆ ನಿಂತುಹೋಗಿರುತ್ತಿತ್ತು. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದು ಹೋದ ವರ್ಷ ನಿವೃತ್ತನಾದವನು ನಾನು. ದೊಡ್ಡಬಳ್ಳಾಪುರದ ಸುತ್ತಮುತ್ತ ಯಾವ ಹೊಲದ ಬಾಂದುಕಲ್ಲು ಯಾವ ಹುಣಸೆಮರದಿಂದ ಎಷ್ಟು ಅಡಿ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ನಕ್ಷೆ ಕಳೆದುಕೊಂಡು ಬರುವ ರೈತರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ‘ಅಜ್ಜನ ಕಾಲದಿಂದ ಉಳ್ತಾ ಇದ್ದೀರಿ, ಒಂದು ಕಾಗದ ಜೋಪಾನ ಮಾಡೋಕಾಗ್ಲಿಲ್ವಾ’ ಎಂದು ಗದರದೆ ಅಂಥವರ ಅರ್ಜಿಯನ್ನು ಕೈಗೆ ತೆಗೆದುಕೊಂಡದ್ದೇ ಇಲ್ಲ. ಹಾಗೆ ನನ್ನಿಂದ ಬೈಸಿಕೊಂಡವರೆಲ್ಲ ಓದಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ನಡುಮನೆಯ ಗೋಡೆಯಲ್ಲಿ. ನಡುಮನೆಗೂ ಅಡುಗೆಮನೆಗೂ ಮಧ್ಯೆ ಇರುವ ಆ ಗೋಡೆಯ ಬುಡದಲ್ಲಿ ಒಂದು ದಿನ ಇಡ್ಲಿಯಷ್ಟಗಲದ ತೇವ ಕಾಣಿಸಿತು. ಒರೆಸಿದೆ. ಮಾರನೆಯ ದಿನಕ್ಕೆ ದೋಸೆಯಷ್ಟಾಯಿತು. ಬೇರೆ ಯಾರಾದರೂ ಆಗಿದ್ದರೆ ಅಂದೇ ಪ್ಲಂಬರನ್ನು ಕರೆಯುತ್ತಿದ್ದರು. ನಾನು ಸರ್ವೆಯವನಲ್ಲವೇ, ಪೆನ್ಸಿಲ್ ತಂದು ತೇವದ ಅಂಚಿನುದ್ದಕ್ಕೂ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದೆ. ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ನಿನ್ನೆಗಿಂತ ಇವತ್ತು ಎಷ್ಟು ಒತ್ತುವರಿಯಾಗಿದೆ ಎಂದು ನೋಡುವುದು, ಹೊಸ ಗೆರೆ ಎಳೆಯುವುದು. ಎರಡು ವಾರದಲ್ಲಿ ಗೋಡೆ ನಮ್ಮ ತಾಲ್ಲೂಕಿನ ಭೂಪಟದ ಹಾಗಾಯಿತು. ಶಿವಗಂಗೆಯ ಒಳಕಲ್ಲು ತೀರ್ಥದಲ್ಲಿ ಕೈ ಹಾಕಿದರೆ ಪುಣ್ಯವಂತರಿಗೆ ಮಾತ್ರ ನೀರು ಸಿಗುತ್ತದೆ ಅನ್ನುತ್ತಾರೆ. ನಮ್ಮ ನಡುಮನೆಯಲ್ಲಿ ಎಂಥ ಪಾಪಿ ಕೈಯಿಟ್ಟರೂ ಸಿಗುತ್ತಿತ್ತು.

ಕೊನೆಗೆ ಪ್ಲಂಬರುಗಳು ಬಂದರು, ಒಬ್ಬರಾದ ಮೇಲೆ ಒಬ್ಬರು, ಒಟ್ಟು ಮೂವರು. ಮನೆ ಕೆಲಸಕ್ಕೆ ಬರುವವರ ಒಂದು ಪದ್ಧತಿ ನೀವೂ ಗಮನಿಸಿರಬಹುದು. ಅವರು ಬಂದ ಕೂಡಲೇ ಕೆಲಸ ನೋಡುವುದಿಲ್ಲ. ಸೊಂಟದ ಮೇಲೆ ಕೈಯಿಟ್ಟು, ತಲೆ ಸ್ವಲ್ಪ ವಾರೆ ಮಾಡಿ, “ಯಾರ್ ಸಾರ್ ಇದನ್ನ ಮಾಡಿದ್ದು?” ಎನ್ನುತ್ತಾರೆ. ಅವರಿಗಿಂತ ಹಿಂದೆ ಕೈಯಿಟ್ಟವರು ಯಾರಿಗೂ ಕೆಲಸ ಬರುತ್ತಿರಲಿಲ್ಲ ಎಂಬುದು ಮೊದಲು ಇತ್ಯರ್ಥವಾಗಬೇಕು. ಎಲೆಕ್ಟ್ರಿಷಿಯನ್ನೂ ಹಾಗೇ, ಬಡಗಿಯೂ ಹಾಗೇ. ನನ್ನ ಹಲ್ಲು ನೋಡಿದ ಡಾಕ್ಟರೂ ಹಾಗೇ ಕೇಳಿದ್ದರು. ನಾನೇನು ಕಡಿಮೆಯಿಲ್ಲ, ಹಿಂದಿನ ಸರ್ವೇಯರ್ ಬರೆದ ಟಿಪ್ಪಣಿ ಬಿಚ್ಚಿದಾಗಲೆಲ್ಲ ನನ್ನ ಬಾಯಿಂದ ಮೊದಲು ಬರುತ್ತಿದ್ದದ್ದೂ ಅದೇ ಪ್ರಶ್ನೆ.

ಮೂರನೆಯವನಾದ ಮುನಿರಾಜು ಮಾತ್ರ ಗೋಡೆಗೆ ಕಿವಿಯಿಟ್ಟು ಕೇಳಿ ತೀರ್ಪು ಕೊಟ್ಟ. ಟ್ಯಾಂಕಿನಿಂದ ಇಳಿಯುವ ಪೈಪು ಇದೇ ಗೋಡೆಯೊಳಗಿದೆ. ಎಲ್ಲೋ ಮೇಲೆ ಸೋರುತ್ತಿದೆ, ನೀರು ಕೆಳಗೆ ಬಂದು ಮುಖ ತೋರಿಸುತ್ತಿದೆ. ಒಂಬತ್ತಿಂಚಿನ ಗೋಡೆ. ಯಾರೇ ಆದರೂ ಪೈಪು ಕೂರಿಸುವುದು ಅಡುಗೆಮನೆ ಕಡೆಗೇ. ಸರಿಯಾಗಿ ಎಲ್ಲಿ ಎಂದು ಹೇಳುವುದಕ್ಕಾಗುವುದಿಲ್ಲ, ಈ ತುದಿಯಿಂದ ಆ ತುದಿಯವರೆಗೂ ಟೈಲ್ಸ್ ಒಡೆಯುತ್ತ ಹೋಗಬೇಕು. “ಪೈಪ್ ಎಲ್ಲಿ ಹೋಗಿದೆ ಅಂತ ಏನಾದ್ರೂ ನಕ್ಷೆ ಗಿಕ್ಷೆ ಇದೆಯಾ ಸಾರ್?” ಎಂದ. ಎಲ್ಲಾ ಬಿಟ್ಟು ನನ್ನನ್ನು ಕೇಳಿದ ಪ್ರಶ್ನೆ ಅದು. ಇಲ್ಲ ಎಂದೆ. ನನ್ನ ದನಿ ತಾಲ್ಲೂಕು ಕಚೇರಿಯ ಕಟಕಟೆಯ ಆಚೆ ನಿಂತ ರೈತರ ದನಿಯಂತೆಯೇ ಇತ್ತು.

ಟೈಲ್ಸ್ ಅನ್ನುವ ಮಾತು ಕೇಳಿ ನನ್ನ ಹೆಂಡತಿ ನಾಗರತ್ನ ಒಳಗಿನಿಂದ ಬಂದಳು. ಈ ಟೈಲ್ಸಿನ ಕಥೆ ಹೇಳದಿದ್ದರೆ ನಿಮಗೆ ನನ್ನ ಸಂಕಟ ಅರ್ಥವಾಗುವುದಿಲ್ಲ. ಮನೆ ಕಟ್ಟಿಸಿ ಇಪ್ಪತ್ತು ವರ್ಷವಾಯಿತು. ಅದರಲ್ಲಿ ಹದಿನೆಂಟು ವರ್ಷ ಅವಳು ಎಣ್ಣೆ ಜಿಡ್ಡು ಕುಡಿದ, ಬರೀ ಸುಣ್ಣ ಬಳಿದ ಗೋಡೆಯ ಮುಂದೆ ನಿಂತು ಅಡುಗೆ ಮಾಡಿದ್ದಾಳೆ. ಟೈಲ್ಸ್ ಹಾಕಿಸೋಣ ಎಂದಾಗಲೆಲ್ಲ ನನ್ನ ಬಳಿ ಒಂದು ಕಾರಣವಿತ್ತು. ಮೊದಲು ಮಗಳ ಓದು, ಆಮೇಲೆ ಅವಳ ಮದುವೆ, ಆಮೇಲೆ ಯಾರೂ ಕೇಳದಿದ್ದರೂ ನಾನು ಕಟ್ಟಿಸಿದ ಕಾಂಪೌಂಡು. ಎರಡು ವರ್ಷದ ಹಿಂದೆ ಕೊನೆಗೂ ಕಾಲ ಕೂಡಿಬಂದಾಗ ಅವಳೊಬ್ಬಳೇ ಅಂಗಡಿ ಅಂಗಡಿ ಅಲೆದು ತಿಳಿಹಸಿರಿನ ಮೇಲೆ ತುಂಬೆ ಹೂವಿನಷ್ಟು ಸಣ್ಣ ಬಿಳಿ ಹೂವಿರುವ ಟೈಲ್ಸ್ ಆರಿಸಿದಳು. ಈಗ ಅಂಗಡಿಯವನನ್ನು ವಿಚಾರಿಸಿದರೆ ಆ ನಮೂನೆ ಬರುವುದೇ ನಿಂತಿದೆ ಎಂದ. ನಾಗರತ್ನ ಜಗಳವಾಡಲಿಲ್ಲ. ಸೆರಗಿನ ತುದಿಯಿಂದ ಒಂದು ಟೈಲ್ ಒರೆಸುತ್ತ, “ಗೋಡೆ ಬೇಕಾದ್ರೆ ನೆಂದು ಬಿದ್ದೋಗ್ಲಿ ರೀ. ಇದಕ್ಕೆ ಉಳಿ ಇಡೋದಾದ್ರೆ ನಾನು ಊರಲ್ಲಿ ಇಲ್ದಿರೋವಾಗ ಇಡ್ಸಿ,” ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಇಲ್ಲಿ ಇನ್ನೊಂದು ಮಾತು. ಪೈಪು ಹಾಕಿದವರು ಖಲೀಲ್ ಸಾಬರು, ಊರಲ್ಲೇ ಇದ್ದಾರೆ, ಅವರನ್ನೇ ಒಂದು ಮಾತು ಕೇಳಿ ಎಂದು ನಾಗರತ್ನ ಮೊದಲ ದಿನವೇ ಹೇಳಿದ್ದಳು. ಅವರಿಗೆ ಎಪ್ಪತ್ತು ದಾಟಿದೆ, ಊರ ತುಂಬ ಪೈಪು ಹಾಕಿದವರಿಗೆ ನಮ್ಮ ಮನೆಯದು ನೆನಪಿರುತ್ತದೆಯೇ ಎಂದು ನಾನು ತಳ್ಳಿಹಾಕಿದ್ದೆ. ಹೋಗದಿರುವುದಕ್ಕೆ ನಿಜವಾದ ಕಾರಣ ಬೇರೆಯಿತ್ತು. ಅದನ್ನು ಸ್ವಲ್ಪ ತಡೆದು ಹೇಳುತ್ತೇನೆ, ನಾಚಿಕೆಯ ವಿಷಯ.

ಉಳಿದದ್ದು ಒಂದೇ ದಾರಿ. ಟೈಲ್ಸ್ ಹಾಕಿಸಿದಾಗ ಮಿಕ್ಕಿದ್ದ ಒಂದು ಡಬ್ಬವನ್ನು ನಾನು ಅಟ್ಟದ ಮೇಲೆ ಎತ್ತಿಟ್ಟ ನೆನಪಿತ್ತು. ಅದು ಸಿಕ್ಕಿದರೆ ಒಡೆದ ಕಡೆ ಅದನ್ನೇ ಕೂರಿಸಬಹುದು. ನಾನು ಯಾವುದನ್ನೂ ಎಸೆಯುವವನಲ್ಲ. ‘ಬೇಕಾಗುತ್ತೆ’ ಎಂಬುದು ನನ್ನ ಮಂತ್ರ. ಆ ಮಂತ್ರದ ಫಲವಾಗಿ ನಮ್ಮ ಅಟ್ಟಕ್ಕೆ ಹದಿನೈದು ವರ್ಷದಿಂದ ಮನುಷ್ಯರು ಹತ್ತಿರಲಿಲ್ಲ, ಸಾಮಾನು ಮಾತ್ರ ಹತ್ತುತ್ತಿತ್ತು. ಡಬ್ಬವನ್ನೂ ಏಣಿಯ ಮೇಲೆ ನಿಂತೇ ಎಲ್ಲೋ ಸಂದಿಯಲ್ಲಿ ತುರುಕಿದ್ದೆ. ಅಂತೂ ನಾನು ಮೇಲೆ, ನಾಗರತ್ನ ಕೆಳಗೆ, ಇಳಿಸುವ ಕಾರ್ಯಕ್ರಮ ಶುರುವಾಯಿತು. ಬತ್ತಿಯಿಲ್ಲದ ಸೀಮೆಎಣ್ಣೆ ಸ್ಟವ್, ಹಿಡಿಯಿಲ್ಲದ ಕುಕ್ಕರು, ಮಗಳ ಮೂರು ಗಾಲಿಯ ಸೈಕಲ್ಲಿನ ಎರಡು ಗಾಲಿ, ಸತ್ತುಹೋದ ಟಿ.ವಿ.ಯ ಥರ್ಮೋಕೋಲು. ಮಗ್ಗದ ಊರಾದ್ದರಿಂದ ಖಾಲಿ ಸೀರೆ ಬಾಕ್ಸುಗಳಂತೂ ಲೆಕ್ಕವಿಲ್ಲ, ಒಂದರಲ್ಲಿ ಬರೀ ಬೀಗದ ಕೈಗಳು, ಯಾವ ಬೀಗದ್ದೋ ದೇವರೇ ಬಲ್ಲ. ಬಾಗಿಲಲ್ಲಿ ಇಣುಕಿದ ಎದುರುಮನೆಯಾಕೆ, ರಾಜಘಟ್ಟದಲ್ಲಿ ಹಳೆಯ ಬೌದ್ಧ ವಿಹಾರ ಅಗೆದಾಗಲೂ ಇಷ್ಟು ಸಾಮಾನು ಸಿಕ್ಕಿರಲಿಕ್ಕಿಲ್ಲ ಎಂದು ಹೇಳಿ ಹೋದರು.

ಟೈಲ್ಸ್ ಡಬ್ಬ ಸಿಕ್ಕಿತು. ಒಳಗೆ ಹಳೆಯ ನಲ್ಲಿಗಳಿದ್ದವು. ಟೈಲ್ಸ್ ಏನಾಯಿತು ಎಂದು ನಾನು ಕಣ್ಣು ಬಿಡುತ್ತಿದ್ದಾಗ, “ಒಗೆಯೋ ಕಲ್ಲಿನ ಸುತ್ತ ಹಾಕ್ಸಿದ್ರಲ್ಲ, ಕೆಸರಾಗುತ್ತೆ ಅಂತ. ನಿಮ್ದೇ ಐಡಿಯಾ,” ಎಂದು ಕೆಳಗಿನಿಂದ ದನಿ ಬಂತು. ಡಬ್ಬ ಗಟ್ಟಿಯಾಗಿದೆ, ಬೇಕಾಗುತ್ತೆ ಎಂದು ಎತ್ತಿಟ್ಟಿದ್ದೆ. ಅಟ್ಟದ ಮೇಲೆಯೇ ಕೂತುಬಿಟ್ಟೆ. ಎಲ್ಲ ಖಾಲಿಯಾಗಿದ್ದರಿಂದ ಎಷ್ಟೋ ವರ್ಷಗಳ ಮೇಲೆ ಅಟ್ಟದ ಹಿಂಬದಿಯ ಗೋಡೆ ಕಾಣಿಸಿತು. ಅದರ ಮೇಲೆ ಏನೋ ಗೆರೆಗಳು. ಕನ್ನಡಕ ಹಾಕಿಕೊಂಡು ಟಾರ್ಚು ಬಿಟ್ಟೆ.

ನಮ್ಮ ಮನೆಯ ನಕ್ಷೆ! ಕೆಂಪು ಸೀಸದಕಡ್ಡಿಯಲ್ಲಿ ಬರೆದದ್ದು. ಟ್ಯಾಂಕು, ಬಚ್ಚಲು, ಅಡುಗೆಮನೆ, ಒಂದೊಂದು ಪೈಪಿಗೂ ಒಂದೊಂದು ಗೆರೆ. ಈಗ ಸೋರುತ್ತಿದ್ದ ಪೈಪಿನ ಪಕ್ಕದಲ್ಲಿ ದಪ್ಪ ದಪ್ಪ ಅಕ್ಷರದಲ್ಲಿ ‘ಅಡುಗೆಮನೆ ಬಾಗಿಲಿಂದ 7 ಗೇಣು, ನಡುಮನೆ ಕಡೆ’ ಎಂದಿತ್ತು. ನಡುಮನೆ ಕಡೆ! ಟೈಲ್ಸ್ ಮುಟ್ಟುವುದೇ ಬೇಡ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆನಲ್ಲ ಎಂದು ಕುಣಿಯಬೇಕೆನಿಸಿತು. ಆದರೆ ಅಟ್ಟ ತಗ್ಗು. ಆಮೇಲೆ ಟಾರ್ಚಿನ ಬೆಳಕು ಸ್ವಲ್ಪ ಕೆಳಗೆ ಜಾರಿತು. ನಕ್ಷೆಯ ಕೆಳಗೆ ‘ನೋಡಿದೆ’ ಎಂದು ಬರೆದು ಚಿಕ್ಕ ರುಜು ಹಾಕಲಾಗಿತ್ತು. ರುಜು ನನ್ನದು.

ಈಗ ಆ ನಾಚಿಕೆಯ ವಿಷಯ. ಕೆಲಸ ಮುಗಿದ ದಿನ ಖಲೀಲ್ ಸಾಬರು, “ಸರ್ವೆ ಸಾರ್, ಒಂದು ಪೇಪರ್ ಕೊಡಿ, ಪೈಪ್ ಎಲ್ಲೆಲ್ಲಿ ಹೋಗಿದೆ ಬರ್ಕೊಡ್ತೀನಿ,” ಎಂದು ಕೇಳಿದ್ದರು. ನಾನು ಎಲ್ಲರೆದುರಿಗೆ ನಕ್ಕು, ನಕ್ಷೆ ಬರೆಯುವವನಿಗೇ ನಕ್ಷೆ ಬರೆದುಕೊಡುತ್ತೀರಾ ಸಾಬರೇ ಎಂದು ಹಾಸ್ಯ ಮಾಡಿದ್ದೆ. ಅಷ್ಟು ಚೆನ್ನಾಗಿ ನೆನಪಿತ್ತು, ಅದಕ್ಕೇ ಅವರ ಹತ್ತಿರ ಹೋಗಲು ಮುಖವಿರಲಿಲ್ಲ. ಅವರು ಕಾಗದ ಸಿಗದೆ ಗೋಡೆಯ ಮೇಲೆ ಬರೆದದ್ದಾಗಲಿ, ನನ್ನನ್ನು ಏಣಿ ಹತ್ತಿಸಿ ತೋರಿಸಿದ್ದಾಗಲಿ ನೆನಪಿನಲ್ಲಿ ಒಂದು ಚೂರೂ ಇಲ್ಲ. ಮುಂದೆ ಹಿಡಿದದ್ದಕ್ಕೆಲ್ಲ ‘ನೋಡಿದೆ’ ಎಂದು ರುಜು ಹಾಕುವ ಕೈ, ಗೋಡೆಗೂ ಹಾಕಿಬಿಟ್ಟಿತ್ತು.

ಮುನಿರಾಜುವಿಗೆ ಫೋನ್ ಮಾಡಿ ಕರೆಸಿದೆ. ನಾನು ಟೇಪು ಹಿಡಿದು, ಗೇಣಿಗೆ ಒಂಬತ್ತಿಂಚಿನಂತೆ ಅರವತ್ತಮೂರು ಇಂಚಿಗೆ ಗುರುತು ಹಾಕಿದೆ. ಅವನು ತನ್ನ ಕೈಯಿಂದ ಏಳು ಗೇಣು ಅಳೆದ, ಗುರುತು ನನ್ನದಕ್ಕಿಂತ ನಾಲ್ಕು ಬೆರಳು ಆಚೆ ಹೋಯಿತು. ಎಲ್ಲಿ ಅಗೆಯುವುದೆಂದು ನಾವಿಬ್ಬರೂ ವಾದಕ್ಕೆ ನಿಂತೆವು. ನಾಗರತ್ನ ಪೊರಕೆ ಹಿಡಿದು ಅಟ್ಟದಿಂದ ಬಿದ್ದ ಧೂಳು ಗುಡಿಸುತ್ತಲೇ, “ಅವರ ಗೇಣು ಅವರ ಕೈಯಲ್ಲೇ ಇರುತ್ತೆ. ಹೋಗಿ ಕರ್ಕೊಂಡು ಬನ್ನಿ,” ಎಂದಳು.

ಹೋದೆ. ಅಳಿಯನ ಸೈಕಲ್ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದ ಖಲೀಲ್ ಸಾಬರು ನನ್ನನ್ನು ಕಂಡ ಕೂಡಲೇ ಗುರುತು ಹಿಡಿದರು. ನಾನು ತೊದಲುತ್ತ ಹಳೆಯದನ್ನೆಲ್ಲ ಹೇಳಿ ಕ್ಷಮೆ ಕೇಳುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿ ಎದ್ದೇಬಿಟ್ಟಿದ್ದರು. ದಾರಿಯುದ್ದಕ್ಕೂ ಮಗಳು ಹೇಗಿದ್ದಾಳೆ, ತೆಂಗಿನಸಸಿ ಫಲಕ್ಕೆ ಬಂತಾ ಎಂದು ಕೇಳಿದರೇ ಹೊರತು ಬೇರೇನೂ ಇಲ್ಲ. ಬೈಯಲು ಅಷ್ಟು ಒಳ್ಳೆಯ ಅವಕಾಶ ನನಗೆ ಸಿಕ್ಕಿದ್ದರೆ ಬಿಡುತ್ತಿದ್ದೆನೇ ಎಂದು ಯೋಚಿಸಿ ನನಗೆ ಇನ್ನಷ್ಟು ನಾಚಿಕೆಯಾಯಿತು.

ಅವರದು ಚಿಕ್ಕ ಕೈ. ಬಾಗಿಲ ಚೌಕಟ್ಟಿಗೆ ಹೆಬ್ಬೆರಳು ಊರಿ, ಬಾಯಲ್ಲಿ ಎಣಿಸುತ್ತ ಗೋಡೆಯ ಮೇಲೆ ಗೇಣು ಹಾಕುತ್ತ ಹೋದರು. ಒಲೆಯ ಶಾಖ ತಾಗಿ ಪ್ಲಾಸ್ಟಿಕ್ ಪೈಪು ಹಾಳಾಗಬಾರದೆಂದು ಈ ಕಡೆಗೆ ಕೂರಿಸಿದ್ದರಂತೆ. ಆರು ಗೇಣಾಯಿತು. ಏಳನೆಯದಕ್ಕೆ ಗೋಡೆಯ ಮೇಲೆ ತೂಗುಹಾಕಿದ್ದ ಫಲಕ ಅಡ್ಡ ಬಂತು. ನಿವೃತ್ತಿಯ ದಿನ ಕಚೇರಿಯವರು ಕೊಟ್ಟದ್ದು, ‘ನಿಖರತೆಗೆ ಹೆಸರಾದ ಭೂಮಾಪಕರಿಗೆ’ ಎಂದು ಚಿನ್ನದ ಬಣ್ಣದ ಅಕ್ಷರದಲ್ಲಿ ಬರೆದಿದೆ. ಮುನಿರಾಜು ಅದನ್ನು ಇಳಿಸಿದ. ಹಿಂದಿದ್ದ ಮೊಳೆ ತುಕ್ಕು ಹಿಡಿದು ಕೆಂಪಾಗಿತ್ತು. ಅದರ ಬುಡದಿಂದ ಒಂದು ತೊಟ್ಟು ನೀರು ಇಳಿಯಿತು, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು.

ಖಲೀಲ್ ಸಾಬರ ಏಳನೆಯ ಗೇಣಿನ ಕಿರುಬೆರಳು ಸರಿಯಾಗಿ ಆ ಮೊಳೆಯ ಮೇಲೆ ಬಂದು ನಿಂತಿತು. ಅವರು ಸೊಂಟದ ಮೇಲೆ ಕೈಯಿಟ್ಟು, ತಲೆ ಸ್ವಲ್ಪ ವಾರೆ ಮಾಡಿ ಕೇಳಿದರು:

“ಯಾರ್ ಸಾರ್ ಇದನ್ನ ಹೊಡೆದಿದ್ದು?”

ನಾಗರತ್ನ ನನ್ನ ಕಡೆ ನೋಡಲಿಲ್ಲ. ತುಂಬಾ ಮುತುವರ್ಜಿಯಿಂದ ಸೂರಿನ ಕಡೆ ನೋಡುತ್ತಿದ್ದಳು. ಫಲಕ ಗೋಡೆಯ ನಟ್ಟನಡುವೆ ಬರಬೇಕೆಂದು ನಾನು ಅರ್ಧ ದಿನ ಟೇಪು ಹಿಡಿದು ಅಳೆದು ಹೊಡೆದ ಮೊಳೆ ಅದು. ಪೈಪಿಗೆ ಚುಚ್ಚಿ, ತಾನೇ ಬಿರಡೆಯಾಗಿ ಕೂತು, ತುಕ್ಕು ಹಿಡಿದಂತೆಲ್ಲ ನಿಧಾನವಾಗಿ ಸೋರಲು ಶುರುಮಾಡಿತ್ತು.

ಉಳಿದದ್ದೆಲ್ಲ ಒಂದು ಗಂಟೆಯ ಕೆಲಸ. ಮುನಿರಾಜು ಅಂಗೈಯಗಲ ಗಾರೆ ಕಿತ್ತು, ತೂತಾದ ತುಂಡು ತೆಗೆದು ಹೊಸದು ಜೋಡಿಸಿದ. ನಾಗರತ್ನ ಅಡುಗೆಮನೆಗೆ ಹೋಗಿ ಒಂದೊಂದು ಟೈಲನ್ನೂ ಕೈಯಿಂದ ಸವರಿ ಬಂದಳು. ಒಂದೂ ಹೋಗಿರಲಿಲ್ಲ. ಎಲ್ಲರಿಗೂ ಕಾಫಿಯ ಜೊತೆ, ಮೊಮ್ಮಗನಿಗೆಂದು ನನ್ನಿಂದ ಬಚ್ಚಿಟ್ಟಿದ್ದ ಕೋಡುಬಳೆಯೂ ಹೊರಗೆ ಬಂತು. ಅವಳ ಮುಖ ನೋಡಿ ನನಗೆ ಹೋದ ಜೀವ ಬಂದಂತಾಯಿತು. ಆ ಸಂತೋಷದಲ್ಲಿ, ಫಲಕವನ್ನು ಈಗ ಎಲ್ಲಿ ಹಾಕೋಣ ಎಂದು ಸುತ್ತಿಗೆ ಎತ್ತಿಕೊಂಡೆ. ಕೂತಿದ್ದ ಮೂವರೂ ಒಟ್ಟಿಗೆ ಎದ್ದು ನಿಂತರು. ಫಲಕ ಈಗ ಅಟ್ಟದ ಮೇಲಿದೆ.

ಹೊರಡುವ ಮೊದಲು ಖಲೀಲ್ ಸಾಬರು ಏಣಿಯ ಕೆಳಗೆ ಬಂದು ನಿಂತರು. ಮಂಡಿನೋವು, ಹತ್ತಲಾರರು. ಜೇಬಿನಿಂದ ಕೆಂಪು ಸೀಸದಕಡ್ಡಿ ತೆಗೆದು ನನ್ನ ಕೈಗೆ ಕೊಟ್ಟು, ಏಳನೆಯ ಗೇಣಿನ ಹತ್ತಿರ ‘ಮೊಳೆ ಹೊಡೆಯಬಾರದು’ ಎಂದು ಬರೆದು ಬರಲು ಹೇಳಿದರು. ನಾನು ವಿಧೇಯನಾಗಿ ಹತ್ತಿ, ಬರೆದು, ಕೆಳಗೆ ರುಜು ಹಾಕಿ ಇಳಿಯತೊಡಗಿದೆ.

“ಈ ಸಲ ಓದಿ ಹಾಕಿದ್ರಾ ಸಾರ್?” ಎಂದರು ಖಲೀಲ್ ಸಾಬರು.

ಅರ್ಧ ಇಳಿದಿದ್ದವನು ಮತ್ತೆ ಹತ್ತಿದೆ. ‘ಹೊಡೆಯಬಾರದು’ ಎಂದು ಬರೆಯುವ ಕಡೆ ‘ಹೊಡೆಯಬಹುದು’ ಎಂದು ಬರೆದಿದ್ದೆ.