ಪದ್ಮಜಾಳ ನಿದ್ದೆ

ಶುಕ್ರವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದ ಪದ್ಮಜಾ ಸೌಟು ಹಿಡಿದುಕೊಂಡೇ ನಿದ್ದೆ ಹೋದಳು. ಕಾವಲಿಯ ಮೇಲಿನ ದೋಸೆ ಕಪ್ಪಗಾಗಿ ಹೊಗೆ ನಡುಮನೆಗೆ ಬಂದಮೇಲೆ ವಾದಿರಾಜ ಪೇಪರು ಮಡಚಿಟ್ಟು ಎದ್ದುಬಂದ. ಅವರಿಗೆ ಎರಡೂವರೆ ವರ್ಷದ ಅವಳಿ ಹೆಣ್ಣುಮಕ್ಕಳು. ಅನ್ವಿತಾ ರಾತ್ರಿ ಒಂದು ಗಂಟೆಗೆ ಮಲಗಿದರೆ ಸಂಹಿತಾ ಒಂದೂಕಾಲಿಗೆ ಏಳುತ್ತಿದ್ದಳು. ಪಾಳಿ ಬದಲಾಯಿಸುವ ಕಾರ್ಖಾನೆಯವರಿಗೂ ಅಷ್ಟು ಶಿಸ್ತಿರಲಿಕ್ಕಿಲ್ಲ.

"ಪಾಪ, ಒಂದು ದಿನವಾದ್ರೂ ನೀನು ಹಾಯಾಗಿ ಮಲಕ್ಕೋಬೇಕು ಕಣೇ," ಎಂದ ವಾದಿರಾಜ. ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಗಂಡನಾಗಿ ಉಳಿಯುತ್ತಿದ್ದ. "ಮಕ್ಕಳನ್ನ ನೋಡ್ಕೊಳ್ಳೋದೇನು ಅಂಥ ದೊಡ್ಡ ಕೆಲಸ? ನಾನು ಸ್ಕೂಲಲ್ಲಿ ದಿನಾ ಅರವತ್ತು ಜನಾನ ನೋಡ್ಕೋತೀನಿ," ಎಂದು ಸೇರಿಸಿದ.

ಪದ್ಮಜಾ ಜಗಳವಾಡಲಿಲ್ಲ. ಕಾವಲಿಗೆ ನೀರು ಚಿಮುಕಿಸುತ್ತ, "ಹಾಗಾದ್ರೆ ನಾಳೆ ಇಬ್ರನ್ನೂ ಎಲ್ಲಾದ್ರೂ ಕರ್ಕೊಂಡು ಹೋಗಿ. ರಾತ್ರಿ ಅಲ್ಲೇ ಇದ್ದು ಭಾನುವಾರ ಬನ್ನಿ. ಎಲ್ಲಿಗೆ ಅಂತ್ಲೂ ನಾನು ಕೇಳಲ್ಲ," ಎಂದಳು.

ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟರಾಗಿದ್ದ ವಾದಿರಾಜ ಸ್ಟಾಫ್ ರೂಮಿನಲ್ಲಿ ಸಪ್ಪೆ ಮೋರೆ ಹಾಕಿ ಕೂತಿದ್ದನ್ನು ಡ್ರಿಲ್ ಮೇಷ್ಟ್ರು ಕೋನಪ್ಪ ನೋಡಿ ಕಾರಣ ಕೇಳಿಕೊಂಡ. ಕೋನಪ್ಪನಿಗೆ ಇನ್ನೊಬ್ಬರ ಕಷ್ಟ ಕಂಡರೆ ಸುಮ್ಮನಿರಲು ಆಗುತ್ತಿರಲಿಲ್ಲ.

"ಇಷ್ಟೇನಾ ಸಾರ್? ಅಂಬಾಜಿದುರ್ಗದ ಬುಡದಲ್ಲಿ ನಮ್ಮ ಮಾವಿನ ತೋಪಿದೆ. ಟೆಂಟ್ ಹಾಕ್ಕೊಂಡು ಇರಿ. ಟೆಂಟು ನಂದೇ ಇದೆ, ಛತ್ರಿ ಬಿಚ್ಚಿದಂಗೆ ಐದು ನಿಮಿಷದಲ್ಲಿ ನಿಂತ್ಕೊಳ್ತದೆ. ನಾಳೆ ನಾನು ವಾಲಿಬಾಲ್ ಹುಡುಗರ್ನ ಗೌರಿಬಿದನೂರಿಗೆ ಕರ್ಕೊಂಡು ಹೋಗ್ಬೇಕು. ನಮ್ಮಮ್ಮ ಅಲ್ಲೇ ತೋಪಿನ ಮನೇಲಿರ್ತಾಳೆ, ನಿಮಗೇನು ಯೋಚನೆ?"

ಶನಿವಾರ ಸ್ಕೂಲು ಬಿಟ್ಟಮೇಲೆ ಹೊರಡುವಾಗ ವಾದಿರಾಜನ ತಾಯಿ ಗೋದಮ್ಮನವರೂ ಚಪ್ಪಲಿ ಮೆಟ್ಟಿ ನಿಂತಿದ್ದರು. "ಹಸುಗೂಸುಗಳನ್ನ ಗಂಡಸಿನ ಕೈಗೆ ಕೊಟ್ಟು ನಾನು ಮನೇಲಿ ಕೂರಲಾ?" ಎಂದರು. ಅವರ ಜೊತೆ ಕುಕ್ಕರು, ಎರಡು ಕಂಬಳಿ, ಮೊಸರಿನ ಡಬ್ಬಿ ಮತ್ತು ಮಕ್ಕಳು ಕಕ್ಕಸಿಗೆ ಕೂರುವ ಪ್ಲಾಸ್ಟಿಕ್ ಪಾಟಿ ಬಂದವು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ವೆಂಕಟರವಣಪ್ಪನವರು ಕಾಂಪೌಂಡಿನ ಮೇಲಿಂದ ಪ್ರತಿಯೊಂದು ಗಂಟನ್ನೂ ನೋಡಿ, "ಏನಪ್ಪಾ ವಾದಿರಾಜ, ಮನೆ ಖಾಲಿ ಮಾಡ್ತಿದೀಯ?" ಎಂದು ಕೇಳಿದರು.

ಅದೇ ಬೀದಿಯ ಮುನೇಶನ ಆಟೋ ಅವರನ್ನು ತೋಪಿನಲ್ಲಿ ಇಳಿಸಿ ಹೊರಟುಹೋಯಿತು. ಐದು ನಿಮಿಷದ ಟೆಂಟು ಎರಡು ಗಂಟೆ ತೆಗೆದುಕೊಂಡಿತು. ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ಕುಸಿಯುತ್ತ ಅದು ಕೆಸರಲ್ಲಿ ಮಲಗಿದ ಎಮ್ಮೆಯ ಹಾಗೆ ಹಟ ಹಿಡಿಯಿತು. ಕೋನಪ್ಪನ ತಾಯಿ ಮುನಿಶಾಮಮ್ಮ ಎಲೆಯಡಿಕೆ ಅಗಿಯುತ್ತ ಅಷ್ಟೂ ಹೊತ್ತು ನೋಡಿ, ಕೊನೆಗೆ ಎದ್ದುಬಂದು ಕಡ್ಡಿಗಳನ್ನು ಅದಲುಬದಲು ಮಾಡಿ ನಿಲ್ಲಿಸಿದಳು.

"ಇದು ಮೊದಲೇ ಗೊತ್ತಿದ್ರೆ ಯಾಕಮ್ಮ ಹೇಳಲಿಲ್ಲ?" ಎಂದ ವಾದಿರಾಜ ಬೆವರೊರೆಸಿಕೊಂಡು.

"ಮೇಷ್ಟ್ರು ಮಾಡ್ತಿರೋವಾಗ ನಾನೇನ್ ಹೇಳ್ಲಿ ಸಾಮಿ," ಎಂದಳು ಮುನಿಶಾಮಮ್ಮ.

"ಬನ್ನಿ ಪುಟ್ಟಮ್ಮಗಳಾ, ನಮ್ಮ ಹೊಸ ಮನೆ ನೋಡಿ," ಎಂದು ಅವನು ಮಕ್ಕಳನ್ನು ಕರೆದ. ಅನ್ವಿತಾ, "ಬೇಡ," ಎಂದಳು. ಸಂಹಿತಾಳೂ, "ಬೇಡ," ಎಂದಳು. ಹುಟ್ಟಿದಾಗಿನಿಂದ ಅವರಿಬ್ಬರೂ ಒಪ್ಪಿದ್ದ ಮಾತು ಅದೊಂದೇ. ಅಷ್ಟರಲ್ಲಿ ಮುನಿಶಾಮಮ್ಮನ ಮೇಕೆಮರಿ ಟಣ್ಣನೆ ನೆಗೆದು ಟೆಂಟಿನೊಳಕ್ಕೆ ಹೋಯಿತು. ಮರಿಯ ಹಿಂದೆ ಮಕ್ಕಳೂ ನುಗ್ಗಿದರು. ಆಮೇಲೆ ಮೂವರೂ ಹೊರಗೆ ಬರಲು ಒಪ್ಪಲಿಲ್ಲ. ಕರೆತರುತ್ತೇನೆಂದು ಬಗ್ಗಿ ಒಳಗೆ ಹೋದ ಗೋದಮ್ಮನವರ ಮಂಡಿ ಹಿಡಿದುಕೊಂಡಿತು. ಅವರನ್ನು ಹೊರಗೆಳೆಯಲು ವಾದಿರಾಜ ಒಂದು ಕೈ, ಮುನಿಶಾಮಮ್ಮ ಒಂದು ಕೈ ಹಿಡಿಯಬೇಕಾಯಿತು. ಈ ಗಲಾಟೆಯ ನಡುವೆ ಮರಿ ಒಂದು ಕಂಬಳಿಯ ಅಂಚನ್ನು ಅರ್ಧ ತಿಂದು ಮುಗಿಸಿತ್ತು.

ಇಷ್ಟೆಲ್ಲ ಆದರೂ ವಾದಿರಾಜ ಗಂಟೆಗೊಂದು ಫೋಟೋ ತೆಗೆದು, "ಎಲ್ಲಾ ಚೆನ್ನಾಗಿದೆ, ನೀನು ಮಲಕ್ಕೋ," ಎಂದು ಹೆಂಡತಿಗೆ ಕಳಿಸುತ್ತಿದ್ದ. ನಾಲ್ಕು ಗಂಟೆಯ ಫೋಟೋ ಹೋಗಲಿಲ್ಲ. ಅವನು ಗೋದಮ್ಮನವರ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಾಗ ಸಂಹಿತಾ ಫೋನನ್ನು ಮೇಕೆಗಳ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಎತ್ತಿ, ಮತ್ತೆ ಮುಳುಗಿಸುತ್ತಿದ್ದಳು.

"ಏನ್ ಮಾಡ್ತಿದೀಯಮ್ಮ?"

"ತಾನ," ಎಂದಳು ಅವಳು. ಸ್ನಾನ ಮಾಡಿದ ಫೋನು ಮತ್ತೆ ಕಣ್ಣು ಬಿಡಲಿಲ್ಲ.

ಬೆಟ್ಟದ ನೆರಳು ತೋಪಿನವರೆಗೆ ಬಂದಾಗ ಅನ್ವಿತಾ ಸುತ್ತ ನೋಡಿ, "ಅಮ್ಮ ಎಲ್ಲಿ?" ಎಂದು ಕೇಳಿದಳು. ಸಂಹಿತಾಳ ತುಟಿ ನಡುಗಿತು. ಆಮೇಲೆ ಇಬ್ಬರೂ ಒಟ್ಟಿಗೆ ಶುರು ಮಾಡಿದರು. ವಾದಿರಾಜ ಆನೆಯಾದ, ಬಸ್ಸಾದ, ಕೋತಿಯಾದ. ಯಾವುದೂ ಅಮ್ಮನಾಗಲಿಲ್ಲ.

"ಕತ್ಲಾಯ್ತಾ ಬಂದ್ರೆ ಮಕ್ಳು ಅಮ್ಮನ್ನೇ ಕೇಳೋದು," ಎಂದಳು ಮುನಿಶಾಮಮ್ಮ. "ನಮ್ ಕೋನಪ್ಪ ಈಗ್ಲೂ ಕೇಳ್ತಾನೆ."

"ವಾದಿ, ಸಾಕು ಕಣೋ. ಮನೆಗೆ ಹೋಗಣ," ಎಂದರು ಗೋದಮ್ಮ. ಸೋತೆನೆಂದು ಪದ್ಮಜಾಳ ಮುಂದೆ ನಿಲ್ಲಬೇಕಲ್ಲ ಎಂದು ವಾದಿರಾಜನಿಗೆ ಸಂಕಟ. ಆದರೆ ಮಕ್ಕಳ ಮೂಗು ಕೆಂಪಗಾಗಿದ್ದನ್ನು ನೋಡಿ ಗಂಟುಮೂಟೆ ಕಟ್ಟಿದ. ಟೆಂಟು ಬಿಚ್ಚುವ ಧೈರ್ಯವಾಗದೆ ಅದನ್ನು ಹಾಗೇ ಬಿಟ್ಟು, ಡೈರಿಯ ಹಾಲಿನ ವ್ಯಾನಿಗೆ ಕೈ ಅಡ್ಡ ಹಾಕಿ, ಎಲ್ಲರೂ ಕ್ಯಾನುಗಳ ನಡುವೆ ಕೂತರು. ವ್ಯಾನು ಮೂರು ಹಳ್ಳಿ ಸುತ್ತಿ ಹಾಲು ತುಂಬಿಸಿಕೊಂಡು ಹೋಗುವಂಥದ್ದು. ಮಕ್ಕಳು ಕ್ಯಾನಿಗೊರಗಿ ಗಾಢವಾಗಿ ನಿದ್ದೆ ಮಾಡಿದರು.

ಏಳೂವರೆಗೆ ಬೀದಿಗೆ ಬಂದು ನೋಡಿದರೆ ಮನೆಗೆ ಬೀಗ.

"ಅಯ್ಯೋ, ನೀವು ಇಲ್ಲಿದೀರಾ," ಎಂದರು ವೆಂಕಟರವಣಪ್ಪ ತಮ್ಮ ಜಗಲಿಯಿಂದ. "ನಿಮ್ಮನೆಯವರು ನಿಮ್ಮನ್ನ ಹುಡುಕ್ಕೊಂಡು ತೋಪಿಗೆ ಹೋದ್ರಲ್ಲಪ್ಪ. ನಾನೇ ಮುನೇಶನ ಆಟೋ ಹಿಡಿದುಕೊಟ್ಟೆ, ಅವನಿಗೆ ಜಾಗ ಗೊತ್ತಲ್ಲ."

"ಯಾಕೆ ಸಾರ್? ಮಲಗಿರ್ಲಿಲ್ವಾ ಅವಳು?"

"ಎಲ್ಲಿ ಮಲಗ್ತಾರೆ? ಮನೆ ತುಂಬಾ ಭಣಭಣ ಅನ್ನುತ್ತೆ, ಕಣ್ಣೇ ಮುಚ್ಚಲ್ಲ ಅಂತ ಮಧ್ಯಾಹ್ನದಿಂದ ಕಾಂಪೌಂಡಿನ ಹತ್ರಾನೇ ನಿಂತಿದ್ರು. ಆಮೇಲೆ ನಿಮ್ಮ ಫೋನೂ ಸಿಗ್ಲಿಲ್ಲ. ಬೆಟ್ಟದ ಕಡೆ ಚಿರತೆ ಓಡಾಡ್ತಿದೆ ಅಂತ ಯಾರೋ ಅಂದಿದ್ರು, ಇರ್ಲಿ ಅಂತ ಅದನ್ನೂ ಒಂದು ಮಾತು ಹೇಳ್ದೆ."

ಇರಲಿ ಅಂತ ಹೇಳಿದ ಆ ಮಾತಿಗಾಗಿ ವಾದಿರಾಜ ಅವರನ್ನು ಒಂದು ಕ್ಷಣ ನೋಡಿದ. ಆಮೇಲೆ ಅವರದೇ ಫೋನು ಇಸಕೊಂಡು ಪದ್ಮಜಾಳ ನಂಬರಿಗೆ ಮಾಡಿದ. ಎತ್ತಿದ್ದು ಮುನಿಶಾಮಮ್ಮ. ಪಿಸುಗುಡುತ್ತಿದ್ದಳು.

"ನೀವಾ ಸಾಮಿ? ಬಂದವ್ಳೆ ನಿಮ್ಮಮ್ಮಣ್ಣಿ. ಎಲ್ರೂ ಚೆನ್ನಾಗವ್ರೆ, ಹಾಲಿನ ವ್ಯಾನಲ್ಲಿ ಹೋದ್ರು ಅಂದೆ. ಉಸ್ ಅಂತ ಆ ಗುಡಾರದಾಗೆ ಎರಡು ನಿಮಿಷ ಕೂತ್ಲು. ಅಷ್ಟೇ, ಹಂಗೇ ಮಲಿಕ್ಕೊಂಡ್ಬಿಟ್ಲು. ನಾನೇ ಕಂಬಳಿ ಹೊದ್ಸಿ ಪಕ್ಕದಾಗೆ ಕೂತಿವ್ನಿ."

"ಮನೆ ಬೀಗದ ಕೈ, ಅಮ್ಮ?"

"ಸೊಂಟದಾಗೆ ಸಿಗಿಸ್ಕೊಂಡವ್ಳೆ. ಎಬ್ಬಿಸ್ಲಾ?"

ವಾದಿರಾಜನ ಬಾಯಿಗೆ ಹೂಂ ಬಂದಿತ್ತು. ಆಟೋ ಮಾಡಿಕೊಂಡು ಹೋದರೆ ಅರ್ಧ ಗಂಟೆಯ ದಾರಿ. ಫೋನಿನಲ್ಲಿ ಆ ಕಡೆಯಿಂದ ಸಣ್ಣಗೆ, ಒಂದೇ ಸಮನೆ ಗೊರಕೆ ಕೇಳಿಸಿತು. ಮದುವೆಯಾದ ಹೊಸದರಲ್ಲಿ ಪದ್ಮಜಾ ಗೊರಕೆ ಹೊಡೆಯುತ್ತಿದ್ದಳು. ಮಕ್ಕಳು ಹುಟ್ಟಿದ ಮೇಲೆ ಅಷ್ಟು ಆಳದ ನಿದ್ದೆ ಅವಳಿಗೆ ಸಿಕ್ಕೇ ಇರಲಿಲ್ಲ.

"ಬೇಡಮ್ಮ, ಮಲಗ್ಲಿ," ಎಂದು ಅವನು ಫೋನು ಹಿಂದಕ್ಕೆ ಕೊಟ್ಟ.

"ಒಳ್ಳೇ ಕೆಲಸ ಮಾಡ್ದೆ," ಎಂದರು ಗೋದಮ್ಮ, ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತ.

"ನಮ್ಮನೇಗೇ ಕರೀಬಹುದಿತ್ತು, ಪೇಂಟ್ ಹೊಡೆಸ್ತಿದೀವಿ, ಕಾಲಿಡೋಕೆ ಜಾಗ ಇಲ್ಲ," ಎಂದರು ವೆಂಕಟರವಣಪ್ಪ. "ನಿಮ್ಮ ಜಗಲೀಲೇ ಮಲಕ್ಕೊಳ್ಳಿ. ಚಾಪೆ ಕೊಡ್ತೀನಿ. ಸೊಳ್ಳೆ ಪರದೇನೂ ಇದೆ. ಕಟ್ಟೋದು ಸ್ವಲ್ಪ ತೊಡಕು, ನಾಲ್ಕು ಕಡೆ ದಾರ."

ಬೀದಿಯ ನಾಲ್ಕಾರು ಮಂದಿ ಗೇಟಿನ ಹತ್ತಿರ ನಿಂತು ಸಲಹೆ ಕೊಡುತ್ತಿದ್ದಂತೆ, ವಾದಿರಾಜ ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಕಂಬದಿಂದ ಕಿಟಕಿಗೆ ಪರದೆ ಎಳೆದು ಕಟ್ಟತೊಡಗಿದ. ಮೂರನೆಯ ಗಂಟು ಹಾಕುವ ಹೊತ್ತಿಗೆ ಅಂಗಿಯನ್ನು ಯಾರೋ ಜಗ್ಗಿದ ಹಾಗಾಯಿತು. ವ್ಯಾನಿನಲ್ಲಿ ಒಂದು ಗಂಟೆ ಸೊಗಸಾಗಿ ನಿದ್ದೆ ತೆಗೆದಿದ್ದ ಮಕ್ಕಳಿಬ್ಬರೂ ಎದ್ದು, ಹೊಳೆಯುವ ಕಣ್ಣು ಬಿಟ್ಟುಕೊಂಡು ನಿಂತಿದ್ದರು.

"ಅಪ್ಪ," ಎಂದಳು ಅನ್ವಿತಾ, "ಆಟ ಆಡಣ."